ಟರ್ಬೊ ತಣಿಯುವಷ್ಟು ಹೊತ್ತು

ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ನಾನು ಮಾತು ಕಲಿತಾಗಿನಿಂದ ಹೇಳುತ್ತ ಬಂದಿದ್ದಾಳೆ. ಅದು ಎಷ್ಟು ನಿಜ ಎಂದು ನನಗೆ ಅರ್ಥವಾಗಿದ್ದು ಒಂದು ಮಂಗಳವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಾಗ. ಆಗ ನನಗೆ ಮೂವತ್ತೆಂಟು ತುಂಬಿತ್ತು. ಆ ವಯಸ್ಸಿಗಾದರೂ ಬುದ್ಧಿ ಬಂದಿರಬೇಕಿತ್ತು, ಬಂದಿರಲಿಲ್ಲ.

ಕಿಟಕಿಯ ಹೊರಗೆ ಅಪ್ಪನ ಕಾರು ಬಂದು ನಿಂತಿತು. ಇಂಜಿನ್ ಮಾತ್ರ ಆಫ್ ಆಗಲಿಲ್ಲ. ಅಪ್ಪ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಪಕ್ಕದ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದ. ಕೆಲಸದಿಂದ ನಿವೃತ್ತನಾಗಿ ಎಂಟು ತಿಂಗಳಾಗಿದ್ದರೂ ದಿನವೂ ಹನ್ನೆರಡೂವರೆಗೆ, ಬ್ಯಾಟರಿ ಸಾಯಬಾರದು ಎಂಬ ನೆಪ ಹೇಳಿ, ಕಾರು ತೆಗೆದು ಊರಾಚೆ ಒಂದು ಸುತ್ತು ಹಾಕಿ ಒಂದು ಗಂಟೆಗೆ ಊಟಕ್ಕೆ ಬರುತ್ತಿದ್ದ. ಬಂದು ಎರಡು ನಿಮಿಷ ಹೀಗೆ ಕೂರುತ್ತಿದ್ದ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ ದೃಶ್ಯ ಇದು. ಬದಲಾಗುತ್ತಿದ್ದದ್ದು ಗಾಡಿ ಮಾತ್ರ.

ಅಪ್ಪ ನಲವತ್ತು ವರ್ಷ ಟರ್ಬೊ ರಿಪೇರಿ ಶೆಡ್ಡಿನಲ್ಲಿ ಟೆಸ್ಟ್ ಡ್ರೈವರ್ ಆಗಿದ್ದವನು. ಲಾರಿ, ವ್ಯಾನು, ಕಾರು, ಯಾವುದೇ ಇರಲಿ, ಶೆಡ್ಡಿನಲ್ಲಿ ಟರ್ಬೊ ಬಿಚ್ಚಿ ಜೋಡಿಸಿದ ಮೇಲೆ ಅಪ್ಪ ಅದನ್ನು ಹೆದ್ದಾರಿಯ ಮೇಲೆ ಹದಿನೆಂಟು ಮೈಲಿ ಓಡಿಸಿ, ಗುಡ್ಡ ಹತ್ತಿಸಿ ಇಳಿಸಿ, ಬರುವ ದಾರಿಯಲ್ಲಿ ಮನೆಯ ಮುಂದೆ ನಿಲ್ಲಿಸಿ ಊಟ ಮಾಡಿ ಹೋಗುತ್ತಿದ್ದ. ಅವನು ಸರಿ ಎಂದರೆ ಗಾಡಿ ಮಾಲೀಕನ ಕೈಗೆ ಹೋಗುತ್ತಿತ್ತು. ಇಲ್ಲವೆಂದರೆ ಟರ್ಬೊ ಮತ್ತೆ ರಿಪೇರಿ ಮೇಜಿಗೆ. ಈಗ ಆ ಸೀಟಿನಲ್ಲಿ ನಾನು ಕೂರುತ್ತೇನೆ.

ಟರ್ಬೊ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಇಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಗಾಡಿ ಎಳೆಯುತ್ತದೆ. ಕಾರಿನ ಟರ್ಬೊದ ಎರಡೂ ಚಕ್ರಗಳು ಒಂದು ಬೊಗಸೆಯಲ್ಲಿ ಹಿಡಿಸುತ್ತವೆ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಕ್ಕಿ ತಿರುಗುವ ಆ ದಂಡಕ್ಕೆ ಆಸರೆ ಎಂದರೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಗುಡ್ಡ ಹತ್ತಿ ಬಂದು ತಟ್ಟನೆ ಇಂಜಿನ್ ನಿಲ್ಲಿಸಿದರೆ ಎಣ್ಣೆ ಹರಿಯುವುದು ನಿಲ್ಲುತ್ತದೆ, ಕಾದ ಲೋಹ ನಿಂತ ಎಣ್ಣೆಯನ್ನು ಸುಟ್ಟು ಕರಿ ಮಾಡುತ್ತದೆ. ಅದಕ್ಕೇ ಹಳೆಯ ಗಾಡಿಗಳಲ್ಲಿ ಎರಡು ನಿಮಿಷ ಇಂಜಿನ್ ತನ್ನ ಪಾಡಿಗೆ ಓಡಲು ಬಿಟ್ಟು ಆಮೇಲೆ ಕೀ ತಿರುಗಿಸಬೇಕಿತ್ತು.

ಅಮ್ಮ ಈ ಎರಡು ನಿಮಿಷದ ಕಥೆಯನ್ನು ನಗುನಗುತ್ತ ಹೇಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಕಿಟಕಿಯಿಂದ ನೋಡಿದರೆ ಗಂಡ ಲಾರಿಯೊಳಗೇ ಕೂತಿದ್ದಾನೆ, ಇಳಿಯುತ್ತಿಲ್ಲ. ಒಂದು ದಿನವಲ್ಲ, ದಿನಾ. ದೊಡ್ಡವರು ನೋಡಿ ಮಾಡಿದ ಮದುವೆ. ಇವರಿಗೆ ನಾನು ಬೇಡವಾಗಿದ್ದೆ, ನನ್ನ ಮುಖ ನೋಡುವ ಮುಂಚೆ ದಿನಾ ಹೀಗೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ ಎಂದುಕೊಂಡು ಒಂದು ವರ್ಷ ಒಳಗೊಳಗೇ ಬೆಂದಳಂತೆ. ಕೊನೆಗೆ ತಡೆಯಲಾರದೆ ಕೇಳಿದಳು. ಅಪ್ಪ ಸುಮ್ಮನಿದ್ದ. ಮೂರನೆಯ ದಿನ ಊಟದ ನಡುವೆ ತಲೆಯೆತ್ತಿ, "ಟರ್ಬೊ ತಣ್ಣಗಾಗ್ಬೇಕು," ಎಂದನಂತೆ. ಯಾವ ಪ್ರಶ್ನೆಗೆ ಉತ್ತರ ಇದು ಎಂದು ಅಮ್ಮನಿಗೆ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಹೊಳೆದ ಮೇಲೆ ಹಿತ್ತಲಿಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಶೆಡ್ಡಿನಲ್ಲಿ ಅಪ್ಪನಿಗೆ ಆಮೇಲಪ್ಪ ಎಂದೇ ಹೆಸರು. ಏನು ಕೇಳಿದರೂ ಉತ್ತರ ಆಮೇಲೆ ಬರುತ್ತದೆ ಎಂಬುದಕ್ಕೆ.

ಆ ಮಂಗಳವಾರ ಅಮ್ಮ ಬಟಾಣಿ ಸಿಪ್ಪೆ ಸುಲಿಯುತ್ತ ಗುನುಗುತ್ತಿದ್ದಳು. ಅದೊಂದು ಮಾತಿಲ್ಲದ ರಾಗ. ಅವಳೇ ಎಲ್ಲಿಂದಲೋ ಕೂಡಿಸಿಕೊಂಡಿದ್ದು. ಅರ್ಧಕ್ಕೆ ಹೋಗಿ ದಾರಿ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದನ್ನು ಕೇಳಿ ಕೇಳಿ ನನ್ನ ಕಿವಿ ಅದನ್ನು ಗಮನಿಸುವುದನ್ನೇ ಬಿಟ್ಟಿತ್ತು.

"ಸುಮ್ನೆ ಡೀಸೆಲ್ ದಂಡ," ಎಂದಳು ಅಮ್ಮ, ಕಿಟಕಿಯತ್ತ ನೋಡಿ. ದನಿಯಲ್ಲಿ ಬೈಗುಳವಿರಲಿಲ್ಲ. "ಆಗ್ಲಿ, ಟರ್ಬೊ ತಣ್ಣಗಾಗ್ಬೇಕಲ್ಲ."

"ಅದೆಲ್ಲ ಹಳೇ ಕಾಲದ ಮಾತಮ್ಮ," ಎಂದೆ ನಾನು, ನನ್ನ ಜಾಣತನ ತೋರಿಸಿಕೊಳ್ಳುತ್ತ. "ಈಗಿನ ಟರ್ಬೊ ಸುತ್ತ ನೀರು ಓಡುತ್ತೆ. ಇಂಜಿನ್ ನಿಲ್ಸಿದ್ರೂ ಅದರ ಪಾಡಿಗೆ ಅದು ತಣ್ಣಗಾಗುತ್ತೆ. ಹದಿನೈದು ವರ್ಷದಿಂದ ಅದು ಬೇಕಾಗೇ ಇಲ್ಲ."

"ಹದಿನೈದು ವರ್ಷ?"

"ಹೂಂ."

"ನಿಮ್ಮಪ್ಪನಿಗೆ ಗೊತ್ತಾ ಇದು?"

"ಅಪ್ಪನೇ ಅಲ್ವಾ ನಂಗೆ ಹೇಳಿಕೊಟ್ಟಿದ್ದು."

ಅಮ್ಮನ ಕೈ ನಿಂತಿತು. ಒಂದು ಬಟಾಣಿ ಮೇಜಿನಿಂದ ಉರುಳಿ ನೆಲಕ್ಕೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಹೊರಗೆ ಇಂಜಿನ್ ಆಫ್ ಆಯಿತು. ಅಪ್ಪ ಒಳಗೆ ಬಂದು ಕೀಯನ್ನು ಮೊಳೆಗೆ ತೂಗುಹಾಕಿ ಕೈ ತೊಳೆದು ಕೂತ. ಅಮ್ಮ ಬಡಿಸಿದಳು. 

ಸಂಜೆ ಅವಳು ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದಳು.

"ಅಕ್ಕನ ಮನೆಗೆ ಹೋಗ್ತೀನಿ, ಗುರುವಾರ."

"ಎಷ್ಟು ದಿನಕ್ಕೆ?"

"ನೋಡೋಣ."

ದೊಡ್ಡಮ್ಮನ ಮನೆ ಗುಡ್ಡದ ನೆತ್ತಿಯ ಮೇಲಿದೆ. ಅದು ಬೇಸಿಗೆ, ಬೆವರು ಒರೆಸಿಕೊಂಡು ಸಾಕಾಗುತ್ತಿದ್ದ ದಿನಗಳು. ಆ ಪೆಟ್ಟಿಗೆಯೊಳಗೆ ಹೋಗಿದ್ದು ಮಾತ್ರ ಉಣ್ಣೆಯ ಶಾಲು, ದಪ್ಪ ಕಾಲುಚೀಲ, ಎರಡು ಸ್ವೆಟರು. ಚಳಿಗಾಲಕ್ಕೆ ಇನ್ನೂ ಐದು ತಿಂಗಳಿತ್ತು. 

"ಅಮ್ಮ, ನಾನೇನೋ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅಪ್ಪಂಗೆ ಅದು ಅಭ್ಯಾಸ ಅಷ್ಟೇ."

"ಅಭ್ಯಾಸ ಆಗಿದ್ರೆ ಒಂದ್ಸಲ ಹೇಳ್ಬಹುದಿತ್ತು, ಇನ್ಮೇಲೆ ಇದು ಬೇಕಿಲ್ಲ ಅಂತ. ಹೇಳ್ಲಿಲ್ಲ." ಅವಳು ಶಾಲನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. "ಹೊಸತರಲ್ಲಿ ನಾನು ಏನು ಅಂದ್ಕೊಂಡಿದ್ನೋ ಅದೇ ನಿಜ. ನಡುವೆ ಇಷ್ಟು ವರ್ಷ ಟರ್ಬೊ ಹೆಸರು ಹೇಳ್ಕೊಂಡು ನಕ್ಕೊಂಡಿದ್ದೆ. ಒಳಗೆ ಬರೋಕೆ ಅವರಿಗೆ ದಿನಾ ಎರಡು ನಿಮಿಷ ಧೈರ್ಯ ತಗೋಬೇಕಾದ್ರೆ, ನಾನು ಎದುರಿಗಿಲ್ದೇ ಇರೋದೇ ಅವರಿಗೆ ಆರಾಮ."

"ಕೇಳಿಬಿಡು ಅವನನ್ನ."

"ಕೇಳ್ತೀನಿ. ದಾರೀಲಿ ಕೇಳ್ತೀನಿ. ಅಕ್ಕನ ಮನೆ ಮುಟ್ಟೋದ್ರೊಳಗೆ ಉತ್ತರ ಬಂದ್ರೆ ಸರಿ. ಇಲ್ದಿದ್ರೆ ನಾನು ಅಲ್ಲೇ."

ಮೂರು ದಿನಕ್ಕೊಂದು ಉತ್ತರ ಕೊಡುವ ಮನುಷ್ಯನಿಗೆ ಎರಡು ಗಂಟೆಯ ಗಡುವು. ನನಗೆ ಅವತ್ತು ನಿದ್ದೆ ಹತ್ತಲಿಲ್ಲ.

ಗುರುವಾರ ಬೆಳಗ್ಗೆ ಹೊರಟೆವು. ಡಿಕ್ಕಿಯ ತುಂಬ ದೊಡ್ಡಮ್ಮನಿಗೆ ಕೊಡಬೇಕಾದ ಹೊಲಿಗೆ ಯಂತ್ರ. ಹಾಗಾಗಿ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿತು, ಮೂಲೆ ನನ್ನ ತೊಡೆಗೆ ಒತ್ತುತ್ತ. ಅಪ್ಪ ಓಡಿಸುತ್ತಿದ್ದ. ಅಮ್ಮ ಮುಂದೆ, ಮಡಿಲಲ್ಲಿ ನೀರಿನ ಬಾಟಲಿ ಹಿಡಿದು. ಊರಿನ ಕೊನೆಯ ದೀಪದ ಕಂಬ ದಾಟಿ ಹೆದ್ದಾರಿಗೆ ಬಿದ್ದು ಮೂರು ಮೈಲಿಯಾಗಿರಬೇಕು, ಅಮ್ಮ ಮುಂದೆ ನೋಡುತ್ತಲೇ ಕೇಳಿದಳು.

"ಹದಿನೈದು ವರ್ಷದಿಂದ ಟರ್ಬೊಗೆ ಎರಡು ನಿಮಿಷ ಬೇಕಿಲ್ವಂತೆ. ಮತ್ತೆ ನೀವು ಹೊರಗೆ ಯಾಕೆ ಕೂರ್ತಿದ್ರಿ?"

ಅಪ್ಪನ ಕಣ್ಣು ಒಮ್ಮೆ ಕನ್ನಡಿಯಲ್ಲಿ ನನ್ನತ್ತ ಬಂತು. ನಾನು ಪೆಟ್ಟಿಗೆಯ ಚಿಲಕವನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವನು ಐದನೆಯ ಗೇರಿಗೆ ಹಾಕಿ ಕೈಯನ್ನು ಗೇರಿನ ಮೇಲೇ ಬಿಟ್ಟ.

ಆಮೇಲೆ ಹೆದ್ದಾರಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿಯೊಳಗೆ ಕೂತರೆ ಹೋಗುತ್ತಿದ್ದೇವೋ ನಿಂತಿದ್ದೇವೋ ತಿಳಿಯುವುದಿಲ್ಲ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಎರಡು ಸಾವಿರದ ಹತ್ತಿರ ನಿಂತಿತ್ತು, ಮೇಲೂ ಇಲ್ಲ ಕೆಳಗೂ ಇಲ್ಲ. ಸಮತಟ್ಟು ರಸ್ತೆಯಲ್ಲಿ ಟರ್ಬೊಗೆ ಹೆಚ್ಚು ಕೆಲಸವಿರುವುದಿಲ್ಲ. ತಿರುಗುತ್ತಿರುತ್ತದೆ, ಸ್ವಲ್ಪವೇ ಒತ್ತುತ್ತದೆ, ಇಂಜಿನ್ ತನಗೆ ಬೇಕಾದಷ್ಟೇ ಕುಡಿದು ಓಡುತ್ತದೆ. ಪೆಡಲ್ ಮೇಲೆ ಪಾದ ಇಟ್ಟಿದೆಯೋ ಇಲ್ಲವೋ ಎಂಬಷ್ಟು ಹಗುರ ಸಾಕು. ಕೆಟ್ಟ ಟರ್ಬೊ ಕೂಡ ಇಲ್ಲಿ ಒಳ್ಳೆಯದರ ಹಾಗೇ ನಡೆದುಕೊಳ್ಳುತ್ತದೆ. ಅದಕ್ಕೇ ಅಪ್ಪ ಹೆದ್ದಾರಿಯ ಮೇಲೆ ಯಾವತ್ತೂ ಯಾವ ಗಾಡಿಗೂ ಸರಿ ಎಂದವನಲ್ಲ.

ಎರಡೂ ಬದಿಯ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತಿತ್ತು, ಹತ್ತಿರ ಹೋದರೆ ಇರುತ್ತಿರಲಿಲ್ಲ, ಇನ್ನೂ ಮುಂದೆ ಮತ್ತೆ ಕಾಣುತ್ತಿತ್ತು. ಟೈರಿನ ಸದ್ದು ಒಂದೇ ಸಮ. ನನ್ನ ರೆಪ್ಪೆ ಭಾರವಾಯಿತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ನಾನು ಎಂಟು ವರ್ಷದವಳಾಗಿ ಯಾವುದೋ ವ್ಯಾನಿನ ಮುಂದಿನ ಸೀಟಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದೆ. ರಜೆಯ ದಿನಗಳಲ್ಲಿ ಅಪ್ಪ ನನ್ನನ್ನು ಟೆಸ್ಟಿಗೆ ಕರೆದೊಯ್ಯುತ್ತಿದ್ದ. ಕಿಟಕಿಯ ಗಾಜು ಬೆರಳಿನಷ್ಟು ಇಳಿಸಿ, "ಕೇಳು," ಎನ್ನುತ್ತಿದ್ದ. "ಏನನ್ನ?" ಎಂದರೆ ಉತ್ತರ ಇಲ್ಲ. ಮಾರನೆಯ ದಿನವೋ ಅದರಾಚೆಯ ದಿನವೋ ನಾನು ಹಲ್ಲು ಉಜ್ಜುತ್ತಿರುವಾಗ ಪಕ್ಕದಲ್ಲಿ ನಿಂತು, "ಸಿಳ್ಳೆ. ಸಣ್ಣ ಸಿಳ್ಳೆ ಬರುತ್ತೆ. ಅದು ಒಡೆದ ಹಾಗೆ ಬಂದ್ರೆ ದಂಡ ಸವೆದಿದೆ ಅಂತ," ಎನ್ನುತ್ತಿದ್ದ. ನನ್ನ ಬಾಯ ತುಂಬ ನೊರೆ ಇರುತ್ತಿತ್ತು.

ಕನಸಿನ ವ್ಯಾನು ರಸ್ತೆಯಿಂದ ಒಂದು ಗೇಣು ಮೇಲೆ ತೇಲುತ್ತಿತ್ತು. ಅಪ್ಪ ಹುಡುಗನಾಗಿದ್ದ, ಮೀಸೆ ಇನ್ನೂ ಎಳೆಯದು. ಯಾವುದೋ ಮನೆಯ ಮುಂದೆ ನಿಂತೆವು. ಕಿಟಕಿಯಲ್ಲಿ ಒಬ್ಬಳು ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ಇಳಿ ಅಪ್ಪ, ಇಳಿ, ಅವಳು ಕಾಯ್ತಿದಾಳೆ ಎಂದು ನಾನು ಅವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದೆ. ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಎಚ್ಚರಾದಾಗ ಪೆಟ್ಟಿಗೆಯ ಮೂಲೆ ತೊಡೆಯಲ್ಲಿ ಗುಳಿ ಮಾಡಿತ್ತು.

ಗುಡ್ಡದ ಬುಡದಲ್ಲಿ ಪೆಟ್ರೋಲ್ ಬಂಕ್ ಇದೆ. ಅಪ್ಪ ಅಲ್ಲಿ ನಿಲ್ಲಿಸಿದ. ಹತ್ತುವ ಮುಂಚೆ ಎಣ್ಣೆ ನೋಡದೆ ಅವನು ಹೊರಡುವವನಲ್ಲ. ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಬೆಳಕಿಗೆ ಹಿಡಿದ. ಅಮ್ಮ ಇಳಿಯಲಿಲ್ಲ. ನಾನು ಬಾನೆಟ್ಟಿನ ಮರೆಗೆ ಹೋಗಿ ಅವನ ಪಕ್ಕ ನಿಂತೆ.

"ಅಪ್ಪ, ಉತ್ತರ ಹೇಳು ಅವಳಿಗೆ. ಪೆಟ್ಟಿಗೇಲಿ ಸ್ವೆಟರ್ ಇದಾವೆ."

ಅವನು ಕಡ್ಡಿಯನ್ನು ಇನ್ನೊಮ್ಮೆ ಒರೆಸಿದ.

"ಅಪ್ಪ."

"ಹೇಳಿದ್ರೆ ಹೋಗುತ್ತೆ," ಎಂದ.

"ಏನು ಹೋಗುತ್ತೆ?"

ಅದಕ್ಕೆ ಉತ್ತರ ಬರುವಷ್ಟು ಹೊತ್ತು ನನ್ನ ಬಳಿ ಇರಲಿಲ್ಲ. ಬಾನೆಟ್ ಮುಚ್ಚಿ ಹೋಗಿ ಕೂತ. ನನಗೆ ಅವನ ಮೇಲೆ ಎಲ್ಲಿಲ್ಲದ ಕೋಪ ಬಂತು. ಮನುಷ್ಯ ಮೂಗನಲ್ಲ, ಕಿವುಡನಲ್ಲ, ಹೆಂಡತಿ ಕೈತಪ್ಪಿ ಹೋಗುತ್ತಿದ್ದಾಳೆ ಎಂದು ಗೊತ್ತಿಲ್ಲದ ದಡ್ಡನೂ ಅಲ್ಲ. ಗೊತ್ತಿದ್ದೂ ತುಟಿ ಬಿಚ್ಚದವನಿಗೆ ಏನು ಹೇಳಬೇಕು. ಕಾರಿನ ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದೆ.

ಗುಡ್ಡಕ್ಕೆ ಹದಿನಾಲ್ಕು ತಿರುವು. ಪ್ರತಿ ತಿರುವಿನಲ್ಲೂ ಬಿಳಿ ಬಣ್ಣದ ಕಲ್ಲು, ಕಲ್ಲಿನ ಮೇಲೆ ಅಂಕೆ. ಮೊದಲನೆಯ ತಿರುವಿನಲ್ಲಿ ಅಪ್ಪ ಮೂರನೆಯ ಗೇರಿಗೆ ಇಳಿಸಿದ. ಕಾರಿನ ದನಿ ಬದಲಾಯಿತು. ಗುಡ್ಡದಲ್ಲೇ ಟರ್ಬೊದ ಬಣ್ಣ ಬಯಲಾಗುವುದು. ಪೆಡಲ್ ಒತ್ತಿದರೆ ಬಲ ಆ ಕ್ಷಣಕ್ಕೆ ಬರುವುದಿಲ್ಲ. ಇಂಜಿನ್ ಹೊಗೆ ಹೆಚ್ಚಬೇಕು, ಹೊಗೆ ಚಕ್ರವನ್ನು ತಿರುಗಿಸಬೇಕು, ಚಕ್ರ ಗಾಳಿ ತುಂಬಬೇಕು. ಅಷ್ಟರಲ್ಲಿ ಒಂದು ಉಸಿರಿನಷ್ಟು ಹೊತ್ತು ಹೋಗಿರುತ್ತದೆ. ಆ ಒಂದು ಉಸಿರಿನಲ್ಲಿ ಹೊಸಬರು ಹೆದರಿ ಇನ್ನೂ ಒತ್ತುತ್ತಾರೆ, ಇಲ್ಲವೇ ಪಾದ ಎತ್ತಿಬಿಡುತ್ತಾರೆ. ಎರಡೂ ತಪ್ಪು. ಒತ್ತಿದ ಪಾದವನ್ನು ಹಾಗೇ ಇಟ್ಟು ಕಾಯಬೇಕು. ಮುಳ್ಳು ಎರಡು ಸಾವಿರದ ಕೆಳಗೆ ಬೀಳದಂತೆ ಗೇರನ್ನು ಮುಂಚೆಯೇ ಇಳಿಸಿಕೊಂಡು ಕಾಯಬೇಕು. ಆಮೇಲೆ ಬಲ ಬರುತ್ತದೆ, ಬೆನ್ನಿಗೆ ಸೀಟು ಮೆತ್ತಗೆ ಒತ್ತುತ್ತದೆ, ಕಾರು ಏರುತ್ತದೆ.

ನಾಲ್ಕನೆಯ ತಿರುವಿನಲ್ಲಿ ಮುಂದೆ ಮರ ತುಂಬಿದ ಲಾರಿ ಸಿಕ್ಕಿತು. ಅಪ್ಪ ಅದರ ಹಿಂದೆ ಎರಡನೆಯ ಗೇರಿನಲ್ಲಿ ತೆವಳಿ, ರಸ್ತೆ ತುಸು ಅಗಲವಾದಲ್ಲಿ ಪಾದ ಒತ್ತಿದ. ಒಂದು ಉಸಿರು. ಸಿಳ್ಳೆ ಸಣ್ಣಗೆ ಏರಿತು, ಕಾರು ಲಾರಿಯನ್ನು ದಾಟಿತು. ಆರನೆಯದರಲ್ಲಿ ಮರಗಳು ಕಡಿಮೆಯಾದವು. ಏಳನೆಯದರಲ್ಲಿ ನನ್ನ ಕಿವಿ ಕಟ್ಟಿ ಬಿಟ್ಟುಕೊಂಡಿತು. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಗಾಡಿಗಳು ಅಲ್ಲಿ ಏದುಸಿರು ಬಿಡುತ್ತವೆ. ನಮ್ಮದು ತೆಳು ಗಾಳಿಯನ್ನೇ ಒತ್ತಿ ತುಂಬಿಕೊಂಡು ಹೋಗುತ್ತಿತ್ತು. ಕೆಳಗೆ ನಾವು ಬಂದ ಹೆದ್ದಾರಿ ಬಿಸಿಲಲ್ಲಿ ಒಣಹಾಕಿದ ದಾರದ ಹಾಗೆ ಕಾಣುತ್ತಿತ್ತು, ಅದರ ಮೇಲೆ ಗಾಡಿಗಳು ಸದ್ದಿಲ್ಲದೆ ಹರಿಯುತ್ತಿದ್ದವು. ಅಷ್ಟು ಎತ್ತರದಿಂದ ನೋಡುವಾಗ ಯಾರ ಜಗಳವೂ ನಿಜವೆನಿಸುವುದಿಲ್ಲ. ಮುಂದಿನ ಸೀಟಿನಲ್ಲಿ ಅಮ್ಮನ ಕತ್ತು ಬಿಗಿದು ನಿಂತಿದ್ದು ಮಾತ್ರ ನಿಜವಾಗಿತ್ತು.

ಒಂಬತ್ತನೆಯ ಕಲ್ಲು ದಾಟಿದಾಗ ಅವಳು, "ಇನ್ನು ಐದು ತಿರುವು," ಎಂದಳು.

ಹತ್ತು. ಹನ್ನೊಂದು. ನಾನು ಸೀಟಿನ ಅಂಚನ್ನು ಹಿಡಿದು ಕೂತಿದ್ದೆ. ಅಪ್ಪನ ಕುತ್ತಿಗೆಯ ಮೇಲೆ ಬೆವರು ಹನಿಗಟ್ಟಿತ್ತು. ಅಲ್ಲಿ ಸೆಕೆ ಇರಲಿಲ್ಲ.

"ಹಳೇ ಗಾಡಿಗಳಲ್ಲಿ ಇಂಜಿನ್ ಸದ್ದಿಗೆ ಏನೂ ಕೇಳ್ತಿರ್ಲಿಲ್ಲ," ಎಂದ ಅಪ್ಪ.

ಅಮ್ಮ ತಿರುಗಲಿಲ್ಲ. ಅವನು ತಿರುವು ಮುಗಿಸಿ, ಗೇರು ಏರಿಸಿ, ಮತ್ತೆ ಶುರು ಮಾಡಿದ.

"ಹೊಸ ತರದ ಗಾಡಿ ಮೊದಲ್ನೇ ಸಲ ಬಂದಾಗ ಶೆಡ್ಡಲ್ಲಿ ಪುಸ್ತಕ ಕೊಟ್ರು. ಎರಡು ನಿಮಿಷ ಬೇಕಿಲ್ಲ ಅಂತ ಅದ್ರಲ್ಲಿತ್ತು. ಮನೆ ಮುಂದೆ ನಿಲ್ಸಿದೆ. ಆಫ್ ಮಾಡೋಣ ಅಂತ ಕೀ ಮೇಲೆ ಕೈ ಇಟ್ಟೆ. ಆ ಇಂಜಿನ್ ಎಷ್ಟು ಮೆತ್ತಗೆ ಓಡ್ತಿತ್ತು ಅಂದ್ರೆ ನಿನ್ನ ದನಿ ಕೇಳಿಸ್ತು. ಒಳಗೆ ಗುನುಗ್ತಿದ್ದೆ ನೀನು."

ಹನ್ನೆರಡನೆಯ ಕಲ್ಲು ಹಿಂದೆ ಹೋಯಿತು.

"ಕೇಳ್ತಾ ಕೂತೆ. ಆಮೇಲೆ ಆಫ್ ಮಾಡ್ದೆ. ಆಫ್ ಮಾಡಿದ ತಕ್ಷಣ ನೀನೂ ನಿಲ್ಸಿಬಿಟ್ಟೆ. ಮಾರನೇ ದಿನ ಬಂದವನೇ ಆಫ್ ಮಾಡಿ ನೋಡ್ದೆ. ಗುನುಗೇ ಇಲ್ಲ. ಅದರ ಮಾರನೇ ದಿನ ಎರಡು ನಿಮಿಷ ಇಂಜಿನ್ ಬಿಟ್ಟೆ. ಇತ್ತು." ಅವನು ಗಂಟಲು ಸರಿಮಾಡಿಕೊಂಡ. "ಒಂದು ವಾರ ಹಾಗೂ ಹೀಗೂ ಮಾಡಿ ನೋಡ್ದೆ. ಇಂಜಿನ್ ಓಡ್ತಾ ಇರೋವರೆಗೂ ನಾನಿನ್ನೂ ಬಂದಿಲ್ಲ ಅಂತ ನಿನ್ನ ಲೆಕ್ಕ. ಅಲ್ಲೀವರೆಗೂ ಹಾಡ್ತೀಯ."

ಹೆಂಡತಿಯ ಗುನುಗನ್ನು ಗಾಡಿ ಪರೀಕ್ಷೆ ಮಾಡಿದ ಹಾಗೆ ಒಂದು ವಾರ ಪರೀಕ್ಷೆ ಮಾಡಿದ್ದ ಆಸಾಮಿ. ನನಗೆ ನಗು ಬರಬೇಕಿತ್ತು, ಬರಲಿಲ್ಲ. 

"ನೀವು ನಕ್ಕಿದ್ರಿ," ಎಂದಳು ಅಮ್ಮ. "ಮದುವೆಯಾದ ವರ್ಷ. ನಾನು ಬಟ್ಟೆ ಒಣಗಿಸ್ತಾ ಹಾಡ್ಕೊತಿದ್ದೆ. ಹಿಂದಿನಿಂದ ಬಂದು ಜೋರಾಗಿ ನಕ್ಬಿಟ್ರಿ."

"ಹೂಂ."

"ಆವತ್ತಿಂದ ನಿಮ್ಮೆದುರು ಬಾಯಿ ಬಿಟ್ಟಿಲ್ಲ ನಾನು."

"ಗೊತ್ತು. ನಡುವೆ ದಾರಿ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ್ಯಲ್ಲ, ಅದಕ್ಕೆ ನಗು ಬಂತು. ಇಷ್ಟ ಆಗಿ ನಕ್ಕಿದ್ದು. ಹಾಗಂತ ಆಗ್ಲೇ ಹೇಳ್ಬೇಕಿತ್ತು." ಅವನ ದನಿ ಇಳಿಯಿತು. "ಅಷ್ಟರಲ್ಲಿ ನೀನು ಒಳಗೆ ಹೋಗಿಬಿಟ್ಟಿದ್ದೆ. ಇದನ್ನೂ ಹೇಳ್ಬಾರ್ದು ಅಂತಿದ್ದೆ. ನಾನು ಕೇಳ್ತೀನಿ ಅಂತ ಗೊತ್ತಾದ್ರೆ ಇದೂ ನಿಂತುಹೋಗುತ್ತೆ. ನಿವೃತ್ತಿ ಆದ್ಮೇಲೂ ಅದಕ್ಕೇ ದಿನಾ ಕಾರು ತೆಗೀತಿದ್ದೆ. ಬ್ಯಾಟರಿಗಲ್ಲ."

ಹೇಳಿದರೆ ಹೋಗುತ್ತದೆ ಎಂದಿದ್ದು ಇದನ್ನು. ಹೇಳದಿದ್ದರೆ ಅವಳೇ ಹೋಗುತ್ತಿದ್ದಳು, ಹೇಳಿದರೆ ಅವಳ ಹಾಡು. ಬುಡದಿಂದ ಹನ್ನೊಂದನೆಯ ತಿರುವಿನವರೆಗೆ ಅವನು ತೂಗುತ್ತಿದ್ದದ್ದು ಇದನ್ನೇ. ಬಾಗಿಲು ಜೋರಾಗಿ ಹಾಕಿದ್ದಕ್ಕೆ ನನಗೆ ನಾಚಿಕೆಯಾಯಿತು.

 ಹದಿಮೂರು, ಹದಿನಾಲ್ಕು. ದೊಡ್ಡಮ್ಮನ ಮನೆಯ ಹಸಿರು ಬಾಗಿಲು ಕಾಣಿಸಿತು. ಅಪ್ಪ ಅಡುಗೆಮನೆಯ ಪಕ್ಕದ ಅಂಗಳದಲ್ಲಿ ಕಾರು ನಿಲ್ಲಿಸಿದ, ಇಂಜಿನ್ ಓಡುತ್ತಲೇ ಇತ್ತು. ಅಮ್ಮ ಬಾಗಿಲು ತೆಗೆದು ಇಳಿದು, ಹಿಂತಿರುಗಿ ನೋಡದೆ ಒಳಗೆ ನಡೆದಳು. ಅಪ್ಪ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿನ ಗೋಡೆಯನ್ನು ನೋಡುತ್ತ ಕೂತ. ನಾನು ಪೆಟ್ಟಿಗೆ ಎಳೆದು ಹೊತ್ತುಕೊಂಡು ಹೊರಟೆ. ಅದರೊಳಗಿನ ಉಣ್ಣೆಗೆ ಅಷ್ಟು ಭಾರ ಇರಬಾರದಿತ್ತು.

ಅಡುಗೆಮನೆಯಲ್ಲಿ ದೊಡ್ಡಮ್ಮ ತಂಗಿಗೆ ನೀರು ಕೊಡುತ್ತಿದ್ದಳು. ನಾನು ಹೊಸ್ತಿಲ ಬಳಿ ಪೆಟ್ಟಿಗೆ ಇಳಿಸಿದೆ.

"ಅಲ್ಲ ಕಣೇ, ಭಾವ ಯಾಕೆ ಹೊರಗೇ ಕೂತಿದಾರೆ?" ಎಂದಳು ದೊಡ್ಡಮ್ಮ. ಗಂಡನ ಮನೆಯ ಕಡೆಯಿಂದಲೂ ಅಪ್ಪ ಅವಳಿಗೆ ಏನೋ ನೆಂಟ, ಹಾಗಾಗಿ ಅವಳ ಬಾಯಲ್ಲಿ ಅವನು ಮೊದಲಿನಿಂದಲೂ ಭಾವ. "ಗಾಡಿ ಆಫ್ ಮಾಡಿಲ್ಲ. ಏನಾದ್ರೂ ಕೆಟ್ಟಿದ್ಯಾ?"

ಪ್ರಶ್ನೆ ನನ್ನ ಕಡೆಗಿತ್ತು. ನೀರು ಸುತ್ತುವ ಟರ್ಬೊ, ಕಡಿದಾದ ಗುಡ್ಡ ಹತ್ತಿದ ಮೇಲೆ ಈಗಲೂ ಒಂದು ನಿಮಿಷ ಬಿಟ್ಟರೆ ಒಳ್ಳೆಯದು ಎಂಬ ಪುಸ್ತಕದ ಮಾತು, ಎಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ.

ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. ಅಂಗಳದ ಕಡೆಯ ಕಿಟಕಿಯ ಬಳಿ ಹೋದಳು. ಅದು ಬಿಗಿದುಕೊಂಡಿತ್ತು. ಅಂಗೈಯಿಂದ ಎರಡು ಸಲ ಗುದ್ದಿ, ತೆರೆದಳು. ಇಂಜಿನ್ನಿನ ಮೆತ್ತನೆಯ ಸದ್ದು ಒಳಗೆ ಬಂತು.

"ಏನೂ ಕೆಟ್ಟಿಲ್ಲ ಅಕ್ಕ," ಎಂದಳು. "ಟರ್ಬೊ ತಣ್ಣಗಾಗ್ಬೇಕು."

ಮತ್ತೆ ದೊಡ್ಡಮ್ಮನ ಬುಟ್ಟಿಯಿಂದ ನಾಲ್ಕು ಈರುಳ್ಳಿ ತೆಗೆದುಕೊಂಡು ಕಿಟಕಿಯ ಮುಂದೆ ನಿಂತು ಸುಲಿಯತೊಡಗಿದಳು. ಮೊದಲು ದನಿ ಹೊರಡಲಿಲ್ಲ, ಬರೀ ಉಸಿರು ಬಂತು. ಆಮೇಲೆ ಗುನುಗು. ಕೇಳುವವನಿದ್ದಾನೆ ಎಂದು ಗೊತ್ತಿರುವ ಗುನುಗು, ಅದಕ್ಕೇ ಸ್ವಲ್ಪ ನಡುಗುತ್ತಿತ್ತು. ನಡುವೆ ದಾರಿ ತಪ್ಪಿತು. ಅವಳು ಒಂದು ಕ್ಷಣ ನಿಂತಳು. ಹೊರಗಿನಿಂದ ನಗು ಬರಲಿಲ್ಲ. ಇಂಜಿನ್ ಓಡುತ್ತಿತ್ತು. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ದೊಡ್ಡಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆಯಿತು, ಐದು ಕಳೆಯಿತು. ಅಮ್ಮ ಈರುಳ್ಳಿಯಿಂದ ತಲೆ ಎತ್ತದೆ, ರಾಗವನ್ನೂ ಪೂರ್ತಿ ನಿಲ್ಲಿಸದೆ, ಎಡಗೈಯಿಂದ ಹೊಸ್ತಿಲ ಕಡೆ ತೋರಿಸಿದಳು.

"ಆ ಪೆಟ್ಟಿಗೆ ಯಾಕೆ ಇಳಿಸ್ದೆ? ತಗೊಂಡೋಗಿ ಕಾರಲ್ಲಿಡು."

ನಾನು ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕೆ ಹೋದೆ. ಅಪ್ಪ ಕಿಟಕಿಯ ಗಾಜನ್ನು ಬೆರಳಿನಷ್ಟಲ್ಲ, ಪೂರ್ತಿ ಇಳಿಸಿದ್ದ. ಹಿಂದಿನ ಬಾಗಿಲನ್ನು ಸದ್ದಾಗದಂತೆ ತೆಗೆದು ಪೆಟ್ಟಿಗೆ ಇಟ್ಟು, ಸದ್ದಾಗದಂತೆ ಮುಚ್ಚಿದೆ. ಡೀಸೆಲ್ ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. ಗುಡ್ಡ ಇಳಿದು ಹೋಗುವಾಗ ಬಂಕಿನಲ್ಲಿ ತುಂಬಿಸಿಕೊಂಡರಾಯಿತು.